ಫರ್ಸಿ ನಾಡಿನ ಸಿಹಿ ಭರಣಿ

ಏಪ್ರಿಲ್ ಕೊನೆಗೆ ಸೇಡಂ, ಚಿತ್ತಾಪುರದ ಕಡೆ ಸಂಜೆ ಹೊತ್ತು ಗಾಳಿ ಎದ್ದರೆ ಮರುದಿನ ಸಂತೆಯಲ್ಲಿ ಮಾವಿನಕಾಯಿ ರಾಶಿ ಬೀಳುತ್ತದೆ. ಇನ್ನೂ ಬಲಿಯಬೇಕಿದ್ದ ಕಾಯಿ ಗಾಳಿಗೆ ಉದುರಿ, ಒಂದು ಮಗ್ಗುಲು ಪೆಟ್ಟು ತಿಂದು, ತೊಟ್ಟಿನ ಸೊನೆ ಒಣಗಿಸಿಕೊಂಡು ಗೋಣಿತಟ್ಟಿನ ಮೇಲೆ ಬಂದು ಕೂತಿರುತ್ತದೆ. ಮಾರುವವರಿಗೆ ಅದನ್ನು ಅಂದೇ ಖಾಲಿ ಮಾಡುವ ಅವಸರ. ಪೆಟ್ಟು ಬಿದ್ದ ಕಾಯಿಯನ್ನು ವರ್ಷಗಟ್ಟಲೆ ಇಡುವ ಉಪ್ಪಿನಕಾಯಿಗೆ ಯಾರೂ ಒಯ್ಯುವುದಿಲ್ಲ. ಗುಳಂಬಕ್ಕೆ ಒಯ್ಯುತ್ತಾರೆ. ಕಪ್ಪಾದ ಭಾಗ ಕೊಯ್ದು ಚೆಲ್ಲಿ, ಉಳಿದದ್ದನ್ನು ತುರಿದು, ಬೆಲ್ಲದ ಜೊತೆ ಒಲೆಗೇರಿಸಿದರೆ ಮಳೆಗಾಲ ಪೂರ್ತಿ ಮಕ್ಕಳ ಚಪಾತಿಗೆ ಹಚ್ಚಲು ಸಾಕಾಗುವಷ್ಟು ಸಿಹಿ ಒಂದೇ ಬೆಳಿಗ್ಗೆ ತಯಾರಾಗುತ್ತದೆ.

ಇತ್ತೀಚೆಗೆ ಇದೇ ಊರುಗಳ ಹೆಣ್ಣುಮಕ್ಕಳು ಮೊಬೈಲ್‌ನಲ್ಲಿ ಸ್ಟ್ರಾಬೆರಿ ಜಾಮ್ ಮಾಡುವ ವಿಡಿಯೊ ನೋಡುತ್ತಿದ್ದಾರೆ. ಚಳಿಗಾಲದಲ್ಲಿ ಕಲಬುರಗಿಗೆ ಹೋದವರು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಲಾಗಿ ಕೂರಿಸಿದ ಕೆಂಪು ಹಣ್ಣು ತರುತ್ತಾರೆ, ಸಕ್ಕರೆ ಹಾಕಿ ಕುದಿಸುತ್ತಾರೆ. ಬಹಳ ಸಲ ಅದು ಗಟ್ಟಿಯಾಗುವುದಿಲ್ಲ, ಕೆಂಪು ಪಾನಕವಾಗಿ ಉಳಿಯುತ್ತದೆ. ಇನ್ನಷ್ಟು ಕುದಿಸಿದರೆ ಬಣ್ಣ ಕಂದಿ, ಹಣ್ಣಿನ ವಾಸನೆ ಹೋಗಿ, ಬರೀ ಸಕ್ಕರೆ ಪಾಕದ ರುಚಿ ಉಳಿಯುತ್ತದೆ. ತಮ್ಮ ಕೈಯದೇ ತಪ್ಪು ಎಂದುಕೊಂಡು ಅವರು ಸುಮ್ಮನಾಗುತ್ತಾರೆ. ಕೈ ಸರಿಯಾಗಿಯೇ ಇರುತ್ತದೆ, ಕೊರತೆ ಇರುವುದು ಹಣ್ಣಿನಲ್ಲಿ. ಆ ಕೊರತೆ ತುಂಬುವ ಕಾಯಿ ಮೊದಲಿನಿಂದಲೂ ನಮ್ಮ ಸಂತೆಯಲ್ಲೇ ಇದೆ. ಗುಳಂಬ ಮಾಡಬಲ್ಲ ಹೆಣ್ಣುಮಗಳಿಗೆ ಜಗತ್ತಿನ ಯಾವ ಹಣ್ಣನ್ನಾದರೂ ಭರಣಿಯಲ್ಲಿಡುವ ವಿದ್ಯೆಯ ಮುಕ್ಕಾಲು ಪಾಲು ಆಗಲೇ ಗೊತ್ತಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ – ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣದ ಈ ಪಟ್ಟಿಯ ಬಹುಭಾಗ ಸುಣ್ಣಕಲ್ಲಿನ ಮೇಲೆ ಕೂತಿದೆ. ಚಿಂಚೋಳಿಯ ಬೆಟ್ಟಗಳ ಕಡೆ ಹೋದಂತೆ ಕಪ್ಪುಕಲ್ಲು, ಕೆಂಪು ಮುರುಮು ಮೇಲೆ ಬರುತ್ತವೆ. ಉಳಿದೆಡೆ ನೆಲ ಅಗೆದರೆ ಪದರ ಪದರವಾಗಿ ಏಳುವ ಫರ್ಸಿ. ದೇಶದ ಎಷ್ಟೋ ರೈಲು ನಿಲ್ದಾಣ, ಶಾಲೆ, ಗೋದಾಮುಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಇದೇ. ಅದೇ ಸುಣ್ಣಕಲ್ಲನ್ನು ನಂಬಿ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಹಳೆಯ ಮನೆಗಳಲ್ಲಿ ನೆಲಕ್ಕೂ ಫರ್ಸಿ, ಮಾಳಿಗೆಗೂ ಫರ್ಸಿ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಮಾಳಿಗೆಯ ಕಲ್ಲು ಅಂಗಾಲು ಸುಡುತ್ತದೆ, ಒಳಕೋಣೆಯ ನೆಲ ಮಾತ್ರ ತಣ್ಣಗಿರುತ್ತದೆ. ಮೇಲೆ ಒಣಗಿಸಲು ಜಾಗ, ಕೆಳಗೆ ಭರಣಿ ಇಡಲು ಜಾಗ: ಕಾಯಿಸಿ ಕೂಡಿಡುವ ಅಡುಗೆಗೆ ಬೇಕಾದ ಎರಡೂ ಈ ಮನೆಗಳಲ್ಲೇ ಇವೆ.

ರೈಲೂ ಇಲ್ಲಿನ ರುಚಿಗೆ ಸೇರಿದ್ದು. ಮುಂಬೈಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್ ಹಾದು ರಾಯಚೂರಿನತ್ತ ಹೋಗುವ ದಾರಿ ವಾಡಿಯಲ್ಲಿ ಕವಲೊಡೆಯುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಆ ಹಳಿಯ ಮೇಲಿನ ನಿಲ್ದಾಣಗಳು. ಪಶ್ಚಿಮದ ಸೊಲ್ಲಾಪುರದ ಕಡೆ ಬೆಲ್ಲದ ಗುಳಂಬ, ಸಕ್ಕರೆಯ ಸಾಖರಾಂಬ ಮರಾಠಿ ಮನೆಗಳ ನಿತ್ಯದ ಪದಾರ್ಥ. ಪೂರ್ವದಲ್ಲಿ ತಾಂಡೂರು ದಾಟಿದರೆ ಬೆಲ್ಲ ಹಾಕಿದ ಸಿಹಿ ಆವಕಾಯ. ಹೈದರಾಬಾದಿನಿಂದ ಹಕೀಮರ ಮುರಬ್ಬ, ಅಂದರೆ ಪಾಕದಲ್ಲಿಟ್ಟ ಕಾಯಿ, ಹಣ್ಣು. ಈ ಮೂರೂ ವಾಡಿಯ ರೈಲ್ವೆ ಕ್ವಾರ್ಟರ್ಸ್, ಶಹಾಬಾದಿನ ಕಾರ್ಖಾನೆ ಕಾಲೊನಿಗಳಂಥ ಜಾಗಗಳಲ್ಲಿ ಎದುರುಬದುರಾದವು. ಒಬ್ಬರ ಮನೆಯ ಬಟ್ಟಲು ಇನ್ನೊಬ್ಬರ ಮನೆಗೆ ಖಾಲಿ ಹೋಗಬಾರದೆಂಬ ರೂಢಿ ಉಳಿದದ್ದನ್ನು ಮಾಡಿತು. ಇಂದು ಈ ಕಡೆಯ ಒಂದು ಮನೆಯ ಗುಳಂಬದಲ್ಲಿ ಏಲಕ್ಕಿ ಇರುತ್ತದೆ, ಪಕ್ಕದ ಮನೆಯದರಲ್ಲಿ ಲವಂಗ, ಮೂರನೆಯದರಲ್ಲಿ ಸ್ವಲ್ಪ ಖಾರದಪುಡಿ.

ತುರಿ, ಬೆಲ್ಲ, ಪಾಕ

ಕಾಯಿ ಹುಳಿಯಿರಬೇಕು ಎನ್ನುವುದು ಗುಳಂಬದ ಮೊದಲ ಮಾತು. ತೋತಾಪುರಿ ಸುಲಭವಾಗಿ ಸಿಗುತ್ತದೆ, ಗಾತ್ರ ದೊಡ್ಡದು, ನಾರು ಕಡಿಮೆ, ತುರಿಯಲು ಸಲೀಸು. ಆದರೆ ರುಚಿ ಬೇಕೆಂದರೆ ಹೊಲದ ಬದುವಿನ ನಾಟಿ ಮರದ ಕಾಯಿಯೇ ಸರಿ. ಬಾಯಲ್ಲಿಟ್ಟರೆ ಹಲ್ಲು ಚುಳ್ಳೆನ್ನುವ ಆ ಹುಳಿ ಬೆಲ್ಲಕ್ಕೆ ಎದುರು ನಿಲ್ಲುತ್ತದೆ. ಗೊರಟೆ ಪೂರ್ತಿ ಗಟ್ಟಿಯಾಗುವ ಮುಂಚಿನ ಕಾಯಿ ಒಳ್ಳೆಯದು. ಒಳಗೆ ಹಳದಿ ತಿರುಗಿದ್ದರೆ ಬೇಡ. ಕಾಯಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಸಿಪ್ಪೆ ಹೆರೆದು ತುರಿಯಬೇಕು. ಕೆಲವರು ತುರಿಗೆ ಚಿಟಿಕೆ ಉಪ್ಪು ಹಾಕಿ ಹಿಂಡಿ ನೀರು ತೆಗೆಯುತ್ತಾರೆ. ಹುಳಿ ಕಡಿಮೆಯಾಗಲಿ ಎಂದು ಮಾಡುವುದು. ನಾನು ಅದನ್ನು ಒಪ್ಪುವುದಿಲ್ಲ. ಹಿಂಡಿ ಚೆಲ್ಲಿದ ನೀರಿನ ಜೊತೆಗೆ ಗುಳಂಬವನ್ನು ಕಾಪಾಡುವ ಹುಳಿಯೂ ಹೋಗುತ್ತದೆ.

ಒಂದು ಕಿಲೋ ತುರಿಗೆ 1,200 ಗ್ರಾಂ ಬೆಲ್ಲ ಲೆಕ್ಕ. ಕಾಯಿ ತೀರ ಹುಳಿಯಿದ್ದರೆ ಒಂದೂವರೆ ಕಿಲೋವರೆಗೂ ಹೋಗಬಹುದು. ಬೆಲ್ಲ ಕಂದು ಬಣ್ಣದ್ದಾಗಿರಲಿ. ಹೊಳೆಯುವ ಹಳದಿ ಬೆಲ್ಲಕ್ಕೆ ಸಾಮಾನ್ಯವಾಗಿ ಬಣ್ಣ ತೆಳುವಾಗಿಸುವ ಗಂಧಕದ ರಾಸಾಯನಿಕ ಸೇರಿರುತ್ತದೆ. ಯಾವ ಬೆಲ್ಲವಾದರೂ ಕಬ್ಬಿನ ರವದಿ, ಮಣ್ಣಿನ ಕಣ ಇದ್ದೇ ಇರುತ್ತವೆ. ಹಾಗಾಗಿ ಮೊದಲು ಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಈ ಒಂದು ಕೆಲಸ ಬಿಟ್ಟವರ ಗುಳಂಬ ಹಲ್ಲಿಗೆ ಕರಕರ ಸಿಗುತ್ತದೆ.

ಪಾತ್ರೆಯ ವಿಚಾರದಲ್ಲಿ ಹಿರಿಯರು ಕಟ್ಟುನಿಟ್ಟಾಗಿದ್ದರು. ಕಲಾಯಿ ಮಾಡದ ಹಿತ್ತಾಳೆ, ತಾಮ್ರದಲ್ಲಿ ಮಾವಿನಕಾಯಿ ಬೇಯಿಸಲು ಬಿಡುತ್ತಿರಲಿಲ್ಲ. ಹುಳಿ ಲೋಹವನ್ನು ಕರಗಿಸುತ್ತದೆ. ಅಲ್ಯೂಮಿನಿಯಂಗೂ ಅದೇ ಮಾತು. ತಳ ದಪ್ಪವಿರುವ ಸ್ಟೀಲ್ ಪಾತ್ರೆ ಇಂದಿನವರಿಗೆ ಸಾಕು. ಪಾತ್ರೆ ಅಗಲವಾಗಿರಬೇಕು. ಬಾಯಿ ಅಗಲವಾದಷ್ಟೂ ನೀರು ಬೇಗ ಆರುತ್ತದೆ, ಬೆಲ್ಲ ಹೆಚ್ಚು ಹೊತ್ತು ಕುದಿದು ಕಹಿಯಾಗುವುದು ತಪ್ಪುತ್ತದೆ.

ತುರಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಮೆತ್ತಗೆ ಬೇಯಿಸಿ, ಆಮೇಲೆ ಬೆಲ್ಲದ ನೀರು ಹಾಕುವುದು ಕ್ರಮ. ಇದನ್ನು ತಿರುವು ಮುರುವು ಮಾಡಿದರೆ, ಅಂದರೆ ಹಸಿ ತುರಿಯನ್ನು ನೇರವಾಗಿ ದಪ್ಪ ಪಾಕಕ್ಕೆ ಹಾಕಿದರೆ, ಬೆಲ್ಲ ಕಾಯಿಯ ನೀರನ್ನೆಲ್ಲ ಹೊರಗೆಳೆದು ಎಳೆಗಳು ಸೆಟೆದು ನಾರಾಗುತ್ತವೆ, ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಬೆಲ್ಲ ಬಿದ್ದ ಮೇಲೆ ಮಿಶ್ರಣ ಮೊದಲು ತೆಳ್ಳಗಾಗಿ ಹೆದರಿಸುತ್ತದೆ. ನೊರೆ ದೊಡ್ಡ ಗುಳ್ಳೆಗಳಾಗಿ ಉಕ್ಕುತ್ತದೆ. ಕ್ರಮೇಣ ಗುಳ್ಳೆ ಸಣ್ಣದಾಗಿ, ಸದ್ದು ದಪ್ಪಗಾಗಿ, ಸೌಟು ಎಳೆದ ದಾರಿ ಪಾತ್ರೆಯ ತಳದಲ್ಲಿ ಒಂದು ಕ್ಷಣ ತೆರೆದೇ ಉಳಿಯುತ್ತದೆ. "ಎಳಿ ಬಂತೇನ ನೋಡು" ಎಂದು ಒಳಗಿನಿಂದ ಕೂಗುವುದು ಆಗ. ಬೆರಳ ನಡುವೆ ಒಂದೆಳೆ ನಿಂತರೆ ಇಳಿಸಬೇಕು. ಆರಿದ ಮೇಲೆ ಅದು ಇನ್ನೂ ಗಟ್ಟಿಯಾಗುತ್ತದೆ. ಎರಡೆಳೆಯವರೆಗೆ ಕಾದವರ ಭರಣಿಗೆ ಆಮೇಲೆ ಚಮಚ ಇಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಈ ಎಳೆಯ ಗುರುತು ಎಷ್ಟು ನಿಖರ ಎನ್ನುವುದು ತಿಳಿಯುತ್ತದೆ. ಮಾವಿನಕಾಯಿಯ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಗಟ್ಟಿ ಅಂಶ, ಉಳಿದದ್ದು ನೀರು. ಬೆಲ್ಲದಲ್ಲೂ ಸ್ವಲ್ಪ ತೇವ ಇರುವುದರಿಂದ ಒಂದು ಕಿಲೋ ತುರಿ, 1,200 ಗ್ರಾಂ ಬೆಲ್ಲ ಸೇರಿದಾಗ 1,240 ಗ್ರಾಂನಷ್ಟು ಘನಾಂಶ ಇರುತ್ತದೆ. ಅದು ಒಟ್ಟು ತೂಕದ ಶೇ 68 ಭಾಗ ಆಗಬೇಕಾದರೆ ಪಾತ್ರೆಯಲ್ಲಿ 1,800 ಗ್ರಾಂ ಉಳಿಯಬೇಕು. ಕರಗಿಸಲು ಹಾಕಿದ ನೀರಲ್ಲದೆ ಇನ್ನೂ 400 ಗ್ರಾಂನಷ್ಟು ನೀರು ಆವಿಯಾಗಬೇಕು. ಜಾಮ್ ಕಾರ್ಖಾನೆಗಳು ರಿಫ್ರಾಕ್ಟೊಮೀಟರ್ ಎಂಬ ಉಪಕರಣ ಹಿಡಿದು ನೋಡುವುದು ಇದನ್ನೇ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಜಾಮ್‌ಗೆ ಕನಿಷ್ಠ ಶೇ 65 ಕರಗಿದ ಘನಾಂಶ ಇರಬೇಕು. ಒಂದೆಳೆ ನೋಡಿ ಇಳಿಸುವ ಅಜ್ಜಿಯ ಗುಳಂಬ ಆ ಆಸುಪಾಸಿಗೇ ಬಂದು ನಿಲ್ಲುತ್ತದೆ.

ಉಷ್ಣಮಾಪಕ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ವಿಡಿಯೊಗಳಲ್ಲಿ ಹೇಳುವ 105 ಡಿಗ್ರಿ ಸಮುದ್ರಮಟ್ಟದ ಲೆಕ್ಕ. ನಮ್ಮ ಈ ಊರುಗಳು ಸಮುದ್ರಮಟ್ಟದಿಂದ 400 ಮೀಟರ್‌ಗೂ ಮೇಲೆ ಇವೆ. ಇಲ್ಲಿ ನೀರು ಕುದಿಯುವುದೇ ಸುಮಾರು ತೊಂಬತ್ತೆಂಟೂವರೆ ಡಿಗ್ರಿಗೆ. ಆದ್ದರಿಂದ 103ರಿಂದ 104ಕ್ಕೆ ಬಂದಾಗಲೇ ಜಾಮ್ ಆಗಿರುತ್ತದೆ. 105ರವರೆಗೆ ಕಾದರೆ ಪಾಕ ಮೀರುತ್ತದೆ.

ಬೆಂಕಿಯೇ ಇಲ್ಲದ ಇನ್ನೊಂದು ದಾರಿಯೂ ಇದೆ. ತುರಿಗೆ ಸಕ್ಕರೆ ಬೆರೆಸಿ, ಗಾಜಿನ ಅಥವಾ ಚೀನಿ ಭರಣಿಗೆ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ ದಿನಾ ಮಾಳಿಗೆಯ ಬಿಸಿಲಿಗಿಟ್ಟು ಸಂಜೆ ಒಳಗೆ ತರುವುದು. ಗುಜರಾತಿನ ಛುಂದೊ ಮಾಡುವುದೂ ಹೀಗೆಯೇ. ಸಕ್ಕರೆ ಕಾಯಿಯ ನೀರನ್ನು ಹೊರಗೆಳೆಯುತ್ತದೆ, ಬಿಸಿಲು ಅದನ್ನು ಆರಿಸುತ್ತದೆ. ಒಂದೆರಡು ವಾರದಲ್ಲಿ ತುರಿ ಗಾಜಿನಂತೆ ಪಾರದರ್ಶಕವಾಗಿ, ಪಾಕ ಜೇನಿನ ಹದಕ್ಕೆ ಬರುತ್ತದೆ. ಕುದಿಸಿದ ವಾಸನೆ ಬಾರದೆ ಹಸಿ ಮಾವಿನ ಪರಿಮಳ ಹಾಗೇ ಉಳಿಯುವುದು ಇದರ ಹೆಚ್ಚುಗಾರಿಕೆ. ಕಲಬುರಗಿ ಬಿಸಿಲನ್ನು ಬೈಯದೆ ಬಳಸಿಕೊಳ್ಳುವ ಇಂಥ ಅಡುಗೆ ನನಗೆ ಬಹಳ ಇಷ್ಟ.

ಭರಣಿಯ ಸುತ್ತ ಕಟ್ಟಿದ ಮಡಿಯ ನಿಯಮಗಳು ಮಾತ್ರ ನನಗೆ ಯಾವತ್ತೂ ಇಷ್ಟವಾಗಿಲ್ಲ. ಮುಟ್ಟಾದವರು ಭರಣಿ ಮುಟ್ಟಿದರೆ ಕೆಡುತ್ತದೆ, ವಿಧವೆ ಕೈ ಹಾಕಬಾರದು ಎಂದು ಹೇಳಿ ಎಷ್ಟು ತಲೆಮಾರಿನ ಹೆಣ್ಣುಮಕ್ಕಳನ್ನು ನೋಯಿಸಿದೆವು! ಗುಳಂಬ ಕೆಡುವುದು ಒದ್ದೆ ಚಮಚದಿಂದ, ಸರಿಯಾಗಿ ಒಣಗದ ಭರಣಿಯಿಂದ, ಇಳಿಸುವ ಅವಸರದಿಂದ. ಒಂದು ಹನಿ ನೀರು ಮೇಲೆ ಬಿದ್ದರೆ ಅಲ್ಲಿ ಸಕ್ಕರೆ ತೆಳುವಾಗಿ ಬೂಷ್ಟಿಗೆ ಜಾಗ ಸಿಗುತ್ತದೆ. ಬೂಷ್ಟು ಬಂದರೆ ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವ ಅಭ್ಯಾಸವೂ ಬೇಡ. ಕಣ್ಣಿಗೆ ಕಾಣದ ಬೇರು ಒಳಗೆ ಇಳಿದಿರುತ್ತದೆ, ವಿಷವೂ ಇರಬಹುದು.

ಹಣ್ಣು ಗಟ್ಟಿಯಾಗುವ ಬಗೆ

ಕಾಯಿ, ಹಣ್ಣುಗಳ ಜೀವಕೋಶಗಳ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಇರುತ್ತದೆ. ಬೇಯಿಸಿದಾಗ ಅದು ಬಿಡಿಸಿಕೊಂಡು ನೀರಿಗೆ ಬರುತ್ತದೆ. ಅದರ ಉದ್ದನೆಯ ಎಳೆಗಳು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಹುಳಿ ಸೇರಿದಾಗ ಆ ತಳ್ಳಾಟ ನಿಲ್ಲುತ್ತದೆ. ಸಕ್ಕರೆ ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಎಳೆಗಳು ಒಂದಕ್ಕೊಂದು ಹೆಣೆದು ಬಲೆಯಾಗಿ, ಉಳಿದ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತವೆ. ಪೆಕ್ಟಿನ್, ಹುಳಿ, ಸಕ್ಕರೆ – ಮೂರೂ ಹದವಾಗಿ ಸಿಗಬೇಕು. ಎಳೆ ಮಾವಿನಕಾಯಿಯಲ್ಲಿ ಮೊದಲ ಎರಡೂ ಧಾರಾಳ. ಮೂರನೆಯದನ್ನು ಬೆಲ್ಲ ಕೊಡುತ್ತದೆ. ಕಾಯಿ ಹಣ್ಣಾದಂತೆ ಪೆಕ್ಟಿನ್ ಒಡೆಯುತ್ತದೆ, ಹುಳಿ ಇಳಿಯುತ್ತದೆ. ಹಳದಿ ತಿರುಗಿದ ಕಾಯಿ ಗುಳಂಬಕ್ಕೆ ಬೇಡ ಎಂದ ಹಿರಿಯರ ಮಾತಿಗೆ ಕಾರಣ ಇದೇ.

ಸ್ಟ್ರಾಬೆರಿಯಲ್ಲಿ ಸುಗಂಧ ಇದೆ, ಬಣ್ಣ ಇದೆ, ತಕ್ಕಮಟ್ಟಿಗೆ ಹುಳಿಯೂ ಇದೆ. ಪೆಕ್ಟಿನ್ ಕಡಿಮೆ, ನೀರು ನೂರಕ್ಕೆ ತೊಂಬತ್ತಕ್ಕೂ ಮೇಲೆ. ನಾವು ಇಂದು ತಿನ್ನುವ ದೊಡ್ಡ ಸ್ಟ್ರಾಬೆರಿ ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ ಮಿಶ್ರತಳಿ. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಅಧಿಕಾರಿ ಚಿಲಿಯಿಂದ ತಂದ ದಪ್ಪ ಹಣ್ಣಿನ ಗಿಡವೂ ಉತ್ತರ ಅಮೆರಿಕದ ಪರಿಮಳದ ಗಿಡವೂ ಕೂಡಿ ಆದದ್ದು. ನಮ್ಮ ದೇಶಕ್ಕೆ ಬ್ರಿಟಿಷರ ಜೊತೆ ಬಂದು ಮಹಾಬಳೇಶ್ವರ, ಪಂಚಗಣಿಯ ತಂಪಿನಲ್ಲಿ ನೆಲೆಯಾಯಿತು. ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿ ಬೆಳೆಯುವ ಸ್ವೀಟ್ ಚಾರ್ಲಿ, ವಿಂಟರ್ ಡಾನ್ ತಳಿಗಳು ಅಮೆರಿಕದ ಫ್ಲಾರಿಡಾದವು. ಪಂಚಗಣಿಯಲ್ಲಿ 1959ರಲ್ಲಿ ಶುರುವಾದ ಮ್ಯಾಪ್ರೊ ಕಂಪನಿ ಆ ಹಣ್ಣಿಗೆ ಜಾಮ್, ಕ್ರಶ್‌ಗಳ ರೂಪ ಕೊಟ್ಟು ದೇಶವೆಲ್ಲ ಹರಡಿತು. ಹಂಗಾಮು ನವೆಂಬರ್-ಡಿಸೆಂಬರಿನಿಂದ ಏಪ್ರಿಲ್‌ವರೆಗೆ.

ಆಹಾರ ನಿಯಮದಲ್ಲಿ ಒಂದು ಸಂಗತಿ ಗಮನಿಸಬೇಕು. ಬೇರೆ ಹಣ್ಣಿನ ಜಾಮ್‌ನಲ್ಲಿ ಕನಿಷ್ಠ ಶೇ 45 ಹಣ್ಣು ಇರಬೇಕು. ಸ್ಟ್ರಾಬೆರಿ, ರಾಸ್‌ಬೆರಿಗೆ ಮಾತ್ರ ಶೇ 25 ಸಾಕು. ಅಷ್ಟು ಕಡಿಮೆ ಹಣ್ಣಿಟ್ಟು ಬಾಟಲಿ ನಿಲ್ಲಬೇಕಾದರೆ ಹೊರಗಿನಿಂದ ಪೆಕ್ಟಿನ್ ಪುಡಿ ಸೇರಿಸಬೇಕಾಗುತ್ತದೆ. ಆ ಪುಡಿಯನ್ನು ತೆಗೆಯುವುದು ಹೆಚ್ಚಾಗಿ ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆಯಿಂದ, ಸೇಬಿನ ಹಿಂಡಿಯಿಂದ. ನಮ್ಮ ಮನೆಯ ಗುಳಂಬದಲ್ಲಿ ಹಾಕುವಾಗಲೇ ಸುಮಾರು ಅರ್ಧದಷ್ಟು ಕಾಯಿ ಇರುತ್ತದೆ. ಹೊರಗಿನ ಪುಡಿ ಏನೂ ಬೇಡ. ಅಂಗಡಿಯ ಬಾಟಲಿಯ ಮುಂದೆ ಮನೆಯ ಭರಣಿಯನ್ನು ಬಡವರ ತಿನಿಸೆಂದು ಮಕ್ಕಳು ಭಾವಿಸಿದಾಗ ಈ ಅಂಕಿಗಳನ್ನು ಅವರಿಗೆ ತಿಳಿಸಿ ಹೇಳುವ ಆಸೆ ನನಗೆ.

ಸ್ಟ್ರಾಬೆರಿಯನ್ನು ಇಡಿಯಾಗಿ ಪಾಕದಲ್ಲಿ ಉಳಿಸುವ ಯುರೋಪಿನ ಮನೆ ವಿಧಾನಕ್ಕೂ ನಮ್ಮ ಮುರಬ್ಬಕ್ಕೂ ತತ್ವ ಒಂದೇ. ಅವರು ಹಣ್ಣಿಗೆ ಸಕ್ಕರೆ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಸಕ್ಕರೆ ನಿಧಾನವಾಗಿ ಒಳಗಿಳಿಯುತ್ತದೆ, ಮರುದಿನ ಕಾಯಿಸಿದಾಗ ಹಣ್ಣು ಒಡೆಯದೆ ಉಳಿಯುತ್ತದೆ. ನಮ್ಮಲ್ಲಿ ನೆಲ್ಲಿಕಾಯಿಗೆ ಇದೇ ಉಪಚಾರ, ಇನ್ನೂ ಹೆಚ್ಚು ತಾಳ್ಮೆಯಿಂದ. ನೆಲ್ಲಿಕಾಯಿಯ ಮೈಯೆಲ್ಲ ಚುಚ್ಚಿ, ತಿಳಿ ಸುಣ್ಣದ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಬೇಯಿಸಿ, ಮೊದಲು ತೆಳು ಪಾಕದಲ್ಲಿಟ್ಟು ದಿನದಿನಕ್ಕೆ ಪಾಕ ದಪ್ಪ ಮಾಡುತ್ತ ಹೋಗಬೇಕು. ಒಂದೇ ದಿನ ದಪ್ಪ ಪಾಕಕ್ಕೆ ಹಾಕಿದರೆ ಕಾಯಿ ಸುಕ್ಕುಗಟ್ಟಿ ಗೋಲಿಯಾಗುತ್ತದೆ. ಸುಣ್ಣದ ನೀರು ಯಾಕೆಂದರೆ, ಅದರಲ್ಲಿನ ಕ್ಯಾಲ್ಸಿಯಂ ಪೆಕ್ಟಿನ್ ಎಳೆಗಳಿಗೆ ಗಂಟು ಹಾಕಿ ಕಾಯಿಯ ಮೈ ಗಟ್ಟಿ ಮಾಡುತ್ತದೆ. ಎಷ್ಟು ದಿನ ಪಾಕದಲ್ಲಿದ್ದರೂ ಹಲ್ಲಿಗೆ ಕರುಂ ಎನ್ನುವ ಗುಣ ಅದರಿಂದಲೇ ಬರುವುದು. ಶಹಾಬಾದಿನ ನೆಲದ ಕಲ್ಲು ಸುಟ್ಟರೆ ಸಿಗುವುದೂ ಅದೇ ಸುಣ್ಣ. ಕಬ್ಬಿನ ಹಾಲು ಕಾಯಿಸುವಾಗ ಕಸ ಎತ್ತಲು ಆಲೆಮನೆಯಲ್ಲಿ ಹಾಕುವುದೂ ಅದನ್ನೇ. ಫರ್ಸಿ, ಸಿಮೆಂಟ್ ಎಂದಷ್ಟೇ ನಾವು ಎಣಿಸುವ ಈ ಕಲ್ಲು ಬೆಲ್ಲಕ್ಕೂ ಮುರಬ್ಬಕ್ಕೂ ಸೇರಿದೆ ಎಂದು ತಿಳಿದಾಗ ನನಗೆ ಈ ನೆಲದ ಮೇಲಿನ ಪ್ರೀತಿ ಹೆಚ್ಚಾಯಿತು.

ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ 1347ರಿಂದ ನಿಜಾಮರ ಆಳ್ವಿಕೆ ಮುಗಿದ 1948ರವರೆಗೆ ಈ ಸೀಮೆಗೆ ಪರ್ಷಿಯ, ಉರ್ದು ಅಡುಗೆಗಳ ಒಡನಾಟ ಇತ್ತು. ಯುನಾನಿ ವೈದ್ಯದಲ್ಲಿ ನೆಲ್ಲಿ, ಸೇಬು, ಕ್ಯಾರೆಟ್‌ಗಳ ಮುರಬ್ಬ ಔಷಧದ ಸಾಲಿಗೇ ಸೇರಿದೆ. ಬೆಳಿಗ್ಗೆ ಹಾಲಿನ ಜೊತೆ ಒಂದು ನೆಲ್ಲಿ ಮುರಬ್ಬ ತಿನ್ನುವ ರೂಢಿ ನಮ್ಮ ಕಡೆಯ ಹಿರಿಯರಲ್ಲಿ ಜಾತಿ ಧರ್ಮ ನೋಡದೆ ಇದೆ.

ಚಿಂಚೋಳಿಯ ಕಾಡು, ಹೊಲದ ಪುಂಡಿ

ಚಿಂಚೋಳಿಗೆ ರೈಲಿಲ್ಲ, ಕಾಡಿದೆ. ಬಯಲುಸೀಮೆ ಎಂದರೆ ಬರೀ ತೊಗರಿ ಹೊಲ ಎಂದುಕೊಂಡವರು ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡ, ಕೊಂಚಾವರಂ ಕಡೆಯ ಅರಣ್ಯ ನೋಡಬೇಕು. 2011ರಲ್ಲಿ ಇಲ್ಲಿನ 134.88 ಚದರ ಕಿಲೋಮೀಟರ್ ಕಾಡು ವನ್ಯಜೀವಿ ಧಾಮವಾಯಿತು. ಧಾಮದ ಒಳಗಿನದು ಪ್ರಾಣಿಗಳದು, ಅದನ್ನು ಮುಟ್ಟಬಾರದು. ಹೊರಗಿನ ಗುಡ್ಡ, ಹೊಲದ ಬೇಲಿ, ತಾಂಡಾಗಳ ಸುತ್ತಮುತ್ತ ಸೀತಾಫಲ, ಬಾರಿ, ನೇರಳೆ, ಕವಳಿ ಹಣ್ಣು ಕಾಲಕಾಲಕ್ಕೆ ಸಿಗುತ್ತವೆ.

ಇವುಗಳಲ್ಲಿ ಸೀತಾಫಲ ಭರಣಿಗೆ ಒಗ್ಗದು. ಬಿಸಿ ತಾಕಿದರೆ ಅದರ ತಿರುಳು ಕಹಿಯಾಗುತ್ತದೆ. ಆಸೆಪಟ್ಟು ಹಣ್ಣು ಹಾಳು ಮಾಡಬೇಡಿ, ಹಾಗೇ ತಿನ್ನಿ. ಕವಳಿಯೇ ಬೇರೆ. ಬೇಸಿಗೆ ಕೊನೆಗೆ ಮುಳ್ಳುಪೊದೆಯಲ್ಲಿ ಹಣ್ಣಾಗುವ ಈ ಸಣ್ಣ ಕಾಯಿ ಹುಳಿಯಲ್ಲಿ, ಪೆಕ್ಟಿನ್‌ನಲ್ಲಿ ಶ್ರೀಮಂತ. ಅರ್ಧ ಕೆಂಪಾದವನ್ನು, ಪೂರ್ತಿ ಕಪ್ಪಾದವನ್ನು ಬೆರೆಸಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಬಂದ ರಸಕ್ಕೆ ಸರಿಸಮ ಸಕ್ಕರೆ ಹಾಕಿ ಕುದಿಸಿದರೆ ಮಾಣಿಕ್ಯದ ಬಣ್ಣದ ಜೆಲ್ಲಿ ನಿಲ್ಲುತ್ತದೆ. ಕೊಯ್ಯುವಾಗ ಹಾಲು ಕೈಗೆ ಅಂಟುತ್ತದೆ, ಮುಳ್ಳು ಗೀರುತ್ತದೆ. ಆ ಶ್ರಮಕ್ಕೆ ಇಂದು ತಾಂಡಾದ ಹೆಂಗಸರಿಗೆ ಸಿಗುವ ಬೆಲೆ ತೀರ ಕಡಿಮೆ. ಬುಟ್ಟಿ ಲೆಕ್ಕದಲ್ಲಿ ಮಾರುವ ಬದಲು ಬಾಟಲಿ ಲೆಕ್ಕದಲ್ಲಿ ಮಾರುವಂತಾದರೆ ಅವರ ಕೈಗೆ ನಾಲ್ಕು ಕಾಸು ಹೆಚ್ಚು ಸೇರುತ್ತದೆ.

ಇನ್ನು ಪುಂಡಿ. ಪುಂಡಿ ಪಲ್ಯವಿಲ್ಲದೆ ಕಲಬುರಗಿ ಊಟದ ಮಾತಿಲ್ಲ. ಎಲೆ ಮುರಿದುಕೊಂಡು ಹೂವನ್ನು ಬೀಜಕ್ಕೆ ಬಿಡುವುದು ಹೊಲದ ಪದ್ಧತಿ. ಕೆಂಪು ಪುಂಡಿಯಲ್ಲಿ ಹೂ ಬಾಡಿದ ಮೇಲೆ ಕಾಯಿಯನ್ನು ಸುತ್ತುವ ರಸಭರಿತ ಕೆಂಪು ಎಸಳುಗಳಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನವರು ತಲೆಮಾರುಗಳಿಂದ ಜಾಮ್ ಮಾಡುತ್ತಿದ್ದಾರೆ. ಎಸಳು ಬಿಡಿಸಿಟ್ಟುಕೊಂಡು, ಒಳಗಿನ ಹಸಿರು ಕಾಯಿಗಳನ್ನು ನೀರಿನಲ್ಲಿ ಕುದಿಸುತ್ತಾರೆ. ಪೆಕ್ಟಿನ್ ಇರುವುದು ಆ ಕಾಯಿಗಳಲ್ಲಿ. ಆ ನೀರನ್ನು ಸೋಸಿ, ಅದರಲ್ಲೇ ಎಸಳು ಬೇಯಿಸಿ, ಸಕ್ಕರೆ ಹಾಕಿ ಪಾಕಕ್ಕೆ ತರುತ್ತಾರೆ. ಬಣ್ಣ ಸ್ಟ್ರಾಬೆರಿಗಿಂತ ಗಾಢ, ಹುಳಿ ಹೆಚ್ಚು, ಗಟ್ಟಿಯಾಗುವುದು ಸಲೀಸು. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ನಮ್ಮ ತೊಗರಿ ಹೊಲದ ಬದಿಗಳಲ್ಲಿ ನಿಂತ ಕೆಂಪು ಪುಂಡಿ ಇದಕ್ಕೆ ಸಿದ್ಧವಾಗಿರುತ್ತದೆ. ಮನೆಯಲ್ಲಿ ಕೆಂಪು ಜಾಮ್ ಬೇಕೆಂದು ಹಟ ಹಿಡಿದ ಮಗುವಿಗೆ ಕೊಡಲು ಇದಕ್ಕಿಂತ ಅಗ್ಗದ, ಒಳ್ಳೆಯ ಪದಾರ್ಥ ನನಗೆ ತಿಳಿದಿಲ್ಲ.

ಹೀಗೆ ಬಾಟಲಿ ಲೆಕ್ಕದಲ್ಲಿ ಮಾರುವುದು ಮಹಿಳಾ ಸ್ವಸಹಾಯ ಸಂಘಗಳ ಕೈಯಲ್ಲಿ ಸಾಧ್ಯ. ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಪ್ಯಾಕೆಟ್ ಸೇರಿ ದೂರದ ಊರುಗಳಿಗೆ ಹೋಗುತ್ತಿರುವುದನ್ನು ನೋಡಿದ್ದೇವೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಬಂದಿದೆ. ರೊಟ್ಟಿಯ ಪಕ್ಕಕ್ಕೆ ಒಂದು ಸಣ್ಣ ಬಾಟಲಿ ಗುಳಂಬ ಯಾಕೆ ಹೋಗಬಾರದು? ಸಣ್ಣ ವಹಿವಾಟಿನ ಮನೆ ಉದ್ಯಮಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಸರಳ ನೋಂದಣಿ ಸಾಕೆಂಬ ಅವಕಾಶ ಬಹುಕಾಲದಿಂದ ಇದೆ. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಯಂತ್ರ, ಶೆಡ್‌ಗೆ ಶೇ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇಟ್ಟಿದ್ದರು. ಸಂಘವೊಂದು ದೊಡ್ಡ ಯಂತ್ರಕ್ಕೆ ಕೈ ಹಾಕುವ ಮುಂಚೆ ಒಂದು ತೂಕದ ತಕ್ಕಡಿ, ಒಂದು ರಿಫ್ರಾಕ್ಟೊಮೀಟರ್, ಹುಳಿ ಅಳೆಯುವ ಪಿಎಚ್ ಮೀಟರ್ ಕೊಂಡರೆ ಒಳಿತು. ಮನೆಗೆ ಎಳೆಯ ಗುರುತು ಸಾಕು. ಮಾರುವಾಗ ಪ್ರತಿ ಬಾಟಲಿಯೂ ಒಂದೇ ಹದವಾಗಿರಬೇಕು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಎಂಬ ಮಾರಕ ಕಾಯಿಲೆ ತರುವ ಸೂಕ್ಷ್ಮಾಣು ಬೆಳೆಯದು. ಹುಳಿ ಮಾವಿನಕಾಯಿ ಅದಕ್ಕಿಂತ ಬಹಳ ಕೆಳಗಿದೆ, ಆದರೂ ಪ್ರತಿ ಪಾಕಕ್ಕೂ ಅಳೆದು ಬರೆದಿಡುವುದು ಮಾಡುವವರ ಹೊಣೆ.

ಸ್ಟ್ರಾಬೆರಿಯೇ ಬೇಕು ಎನ್ನುವವರಿಗೆ ಮಾರ್ಚ್ ಸರಿಯಾದ ತಿಂಗಳು. ಆಗ ಮಹಾಬಳೇಶ್ವರದ ಹಂಗಾಮು ಕೊನೆಗೆ ಬರುತ್ತಿರುತ್ತದೆ. ನಮ್ಮಲ್ಲಿ ಯುಗಾದಿಗೆ ಬೇಕಾದ ಮೊದಲ ಮಾವಿನಕಾಯಿ ಸಂತೆಗೆ ಬಂದಿರುತ್ತದೆ. ಎರಡೂ ಕೈಗೆ ಸಿಗುವ ಕೆಲವೇ ವಾರಗಳಿವು. ಸ್ಟ್ರಾಬೆರಿಗೆ ಸಾಲದ ಪೆಕ್ಟಿನ್ ಅನ್ನು ಆ ಕಾಯಿ ಕೊಡುತ್ತದೆ. ಒಂದು ಕಿಲೋ ಸ್ಟ್ರಾಬೆರಿ ತೊಳೆದು, ತೊಟ್ಟು ತೆಗೆದು, 800 ಗ್ರಾಂ ಸಕ್ಕರೆ ಬೆರೆಸಿ ರಾತ್ರಿಯಿಡೀ ಮುಚ್ಚಿಡಿ. ತೊಟ್ಟು ತೆಗೆದ ಮೇಲೆ ತೊಳೆದರೆ ನೀರು ಕುಡಿಯುತ್ತದೆ, ಮೊದಲೇ ತೊಳೆಯಿರಿ. ಬೆಳಿಗ್ಗೆ 200 ಗ್ರಾಂ ಎಳೆ ಮಾವಿನಕಾಯಿಯನ್ನು ಸಣ್ಣಗೆ ತುರಿದು, ಸ್ವಲ್ಪ ನೀರಿನಲ್ಲಿ ಕರಗುವಷ್ಟು ಮೆತ್ತಗೆ ಬೇಯಿಸಿ ಮಸೆಯಿರಿ. ಇದಕ್ಕೆ ಸ್ಟ್ರಾಬೆರಿ, ಅದು ಬಿಟ್ಟ ರಸ ಎಲ್ಲ ಸೇರಿಸಿ ಅಗಲ ಪಾತ್ರೆಯಲ್ಲಿ ಜೋರು ಉರಿಯಲ್ಲಿ ಕುದಿಸಿ. ಒಮ್ಮೆಗೆ ಇದಕ್ಕಿಂತ ಹೆಚ್ಚು ಹಾಕಬೇಡಿ. ಹೆಚ್ಚು ಹೊತ್ತು ಕುದಿದರೆ ಪೆಕ್ಟಿನ್ ಒಡೆಯುತ್ತದೆ, ಕೆಂಪು ಕಂದಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಬೆರಳಿನಿಂದ ತಳ್ಳಿದಾಗ ಮೇಲೆ ಸುಕ್ಕು ಕಂಡರೆ ಇಳಿಸಿ. ಪಾತ್ರೆ ಸಮೇತ ತೂಗಿ ಪಾತ್ರೆಯ ತೂಕ ಕಳೆದಾಗ ಒಳಗಿನದು 1,350 ಗ್ರಾಂ ಆಸುಪಾಸು ಇರಬೇಕು.

ಸಕ್ಕರೆಯ ಜಾಗದಲ್ಲಿ ಬೆಲ್ಲ ಹಾಕಿದರೆ ಸ್ಟ್ರಾಬೆರಿಯ ವಾಸನೆ ಮುಚ್ಚಿಹೋಗುತ್ತದೆ, ಇಲ್ಲಿ ಸಕ್ಕರೆಯೇ ಇರಲಿ. ಏಲಕ್ಕಿಯೂ ಬೇಡ. ಕುದಿನೀರಿನಲ್ಲಿಟ್ಟು ಒಣಗಿಸಿದ ಗಾಜಿನ ಬಾಟಲಿಗಳಿಗೆ ಬಿಸಿಯಿರುವಾಗಲೇ ತುಂಬಿ, ಮುಚ್ಚಳ ಬಿಗಿದು, ತಾರೀಖು ಬರೆದು ಅಂಟಿಸಿ. ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ, ಆದ್ದರಿಂದ ಕತ್ತಲೆಯ ಒಳಕೋಣೆಯಲ್ಲಿ ಇಡಿ. ತೆರೆದ ಬಾಟಲಿಯನ್ನು ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಮುಗಿಸಿ. ಗುಳಂಬದಷ್ಟು ಸಕ್ಕರೆ ಇದರಲ್ಲಿಲ್ಲ, ಅಷ್ಟು ದಿನ ಇದು ನಿಲ್ಲುವುದಿಲ್ಲ.